ಅತ್ತೆಗೊಂದು ಸಮತಟ್ಟಾದ ಗುಡ್ಡ

ದಾರಿ ಹುಡುಕುವ ವಿಷಯದಲ್ಲಿ ನನ್ನನ್ನು ಮೀರಿಸುವವರು ಸುಳ್ಯದಲ್ಲಿ ಯಾರೂ ಇಲ್ಲ. ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ, ನಾನು ಯಾರ್ಯಾರಿಗೆ ಹೇಳಿದ್ದೇನೋ ಅವರೆಲ್ಲರದೂ ಹೌದು. (ಹೆಂಡತಿ ಭವಿತಾಳದು ಬೇರೆ. ಅವಳನ್ನು ಯಾರೂ ಕೇಳುವುದಿಲ್ಲ, ಅವಳು ಹೇಳದೆ ಬಿಡುವುದೂ ಇಲ್ಲ.) ಪೇಟೆಯಲ್ಲಿ ನನ್ನದು ಕನ್ನಡಕದ ಅಂಗಡಿ. ಊರಿನ ಅರ್ಧ ಜನಕ್ಕೆ ಬಸ್ಸಿನ ಬೋರ್ಡು ಕಾಣುವುದೇ ನನ್ನ ದಯೆಯಿಂದ. ಅಂಥ ಬೆಳ್ಯಪ್ಪನಿಗೆ ಒಂದು ದಾರಿ ಕಾಣದೇ ಹೋದೀತೇ?

ನಮ್ಮ ಅತ್ತೆಯ ಮನೆಯವರಿಗೆ ಒಂದು ಅಭ್ಯಾಸ. ಕ್ರಿಸ್ಮಸ್ ರಜೆಯಲ್ಲಿ ಒಂದು ದಿನ ಎಲ್ಲರೂ ಸೇರಿ ಕಾಡೋ ಗುಡ್ಡವೋ ನೋಡಲು ಹೊರಡುವುದು. ಎಲ್ಲಿಗೆ ಎಂದು ನಿರ್ಧರಿಸುವುದು ನನ್ನ ಭಾವಮೈದ ರೂಪೇಶ. ಜೀಪು ಅವನದು, ಆದ್ದರಿಂದ ಬುದ್ಧಿಯೂ ಅವನದೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಅವನ ಲೆಕ್ಕದಲ್ಲಿ ಒಳ್ಳೆಯ ಜಾಗ ಎಂದರೆ ಅರ್ಧ ದಿನ ಹತ್ತಬೇಕು, ಇನ್ನರ್ಧ ದಿನ ಇಳಿಯಬೇಕು, ನಡುವೆ ಯಾರಾದರೂ ಒಬ್ಬರು ಜಾರಿ ಬೀಳಬೇಕು. ಹೀಗೆ ಹೋದಲ್ಲೆಲ್ಲ ಜೀಪಿನಲ್ಲಿ ಒಬ್ಬರು ಉಳಿಯಬೇಕಾಗುತ್ತದೆ, ಎಲ್ಲರ ಬ್ಯಾಗು ಚಪ್ಪಲಿ ಕಾಯಲಿಕ್ಕೆ. ಈ ಹುದ್ದೆಗೆ ಅರ್ಜಿ ಕರೆಯುವ ಕ್ರಮ ಇಲ್ಲ. ಮೊಣಕಾಲಿನ ಆಪರೇಶನ್ ಆದಾಗಿನಿಂದ ಅದು ನನ್ನ ಅತ್ತೆ ಕಮಲಾವತಿಯವರಿಗೆ ಖಾಯಂ ಆಗಿಬಿಟ್ಟಿತ್ತು.

ಹೋದ ವರ್ಷ ಒಂದು ಜಲಪಾತಕ್ಕೆ ಹೋದೆವು. ಜೀಪು ನಿಂತ ಕೂಡಲೇ ರೂಪೇಶ ಹೇಳಿದ, "ಅಮ್ಮ, ನೀವು ಇಲ್ಲಿ ಆರಾಮಲ್ಲಿ ಕೂತುಕೊಳ್ಳಿ. ಬ್ಯಾಗ್ ನೋಡಿಕೊಳ್ಳಿ. ನಾವು ಬಂದು ಫೋಟೋ ತೋರಿಸ್ತೇವೆ." ತೋರಿಸಿದ ಎನ್ನಿ. ಫೋಟೋ ತುಂಬ ಅವನ ಮುಖವೇ. ಜಲಪಾತ ಅವನ ಕಿವಿಯ ಹಿಂದೆ ಸ್ವಲ್ಪ ಬಿದ್ದಿತ್ತು.

ಮನೆಗೆ ಬಂದ ಮೇಲೆ ನಾನು ಸುಮ್ಮನೆ ಕೇಳಿದೆ, "ಬೇಜಾರಾಯ್ತಾ ಅತ್ತೆ, ಒಬ್ಬರೇ ಕೂತು?"

"ಎಂತ ಬೇಜಾರು ಅಳಿಯಂದಿರೇ? ನೀರಿನ ಶಬ್ದ ಕೇಳ್ತಿತ್ತು," ಎಂದರು ಅತ್ತೆ.

ಅಷ್ಟೇ ಹೇಳಿದ್ದು. ಎಷ್ಟೋ ಗುಡ್ಡಗಳನ್ನು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಇಳಿದ ಹೆಂಗಸು ಅವರು. ಈಗ ಜೀಪಿನಲ್ಲಿ ಕೂತು ನೀರಿನ ಶಬ್ದ ಕೇಳುವುದು! ನನಗೆ ಅತ್ತೆಯ ಮೇಲೆ ನಿಜವಾಗಿ ಪ್ರೀತಿ. (ಅವರ ಮಗಳಿಂದ ನನ್ನನ್ನು ಆಗಾಗ ಕಾಪಾಡುವವರು ಅವರೊಬ್ಬರೇ.) ಹಾಗಾಗಿ ಈ ವರ್ಷ ಎಲ್ಲರೂ ಸೇರಿದ್ದಾಗ ಎದ್ದು ನಿಂತು ಘೋಷಿಸಿಯೇಬಿಟ್ಟೆ.

"ಈ ಸಲ ದಾರಿ ಆರಿಸುದು ನಾನು. ಮೊಣಕಾಲು ನೋವಿನವರಿಗೂ ಆಗಬೇಕು, ಕಣ್ಣು ಮಂಜಾದವರಿಗೂ ಆಗಬೇಕು, ಪುಟ್ಟ ಮಕ್ಕಳಿಗೂ ಆಗಬೇಕು. ಜೀಪಿನಲ್ಲಿ ಯಾರೂ ಉಳಿಯಲಿಕ್ಕಿಲ್ಲ. ಒಂದು ವೇಳೆ ಯಾರಾದ್ರೂ ಉಳಿದ್ರೆ ನನ್ನ ಹೆಸರು ಬೆಳ್ಯಪ್ಪ ಅಲ್ಲ!"

"ಮತ್ತೆ ಎಂತ ಅಂತ ಕರೆಯುದು ಬಾವ?" ಎಂದ ರೂಪೇಶ.

"ನೀವು ಅಂಗಡಿಯ ಸ್ಟೂಲಿಂದ ಊಟಕ್ಕೆ ಎದ್ದು ಬರುದೇ ದೊಡ್ಡ ನಡಿಗೆ ಮಾರಾಯ್ರೆ," ಎಂದಳು ಭವಿತಾ. (ಮನೆಯಲ್ಲಿ ನಾವು ಮಾತಾಡುವುದು ಅರೆಭಾಷೆ. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಅರೆಭಾಷೆಯಲ್ಲಿ ಅವಳ ಮಾತಿಗೆ ಇನ್ನೂ ಖಾರ ಉಂಟು.)

ಅತ್ತೆ ಮಾತ್ರ ಎದ್ದು ಒಳಗೆ ಹೋದರು. ಹೋಗಿ, ಆಪರೇಶನ್ನಿನ ನಂತರ ಅಟ್ಟ ಸೇರಿದ್ದ ತಮ್ಮ ಕ್ಯಾನ್ವಾಸ್ ಶೂ ಹುಡುಕಿಸಿ, ತೊಳೆದು, ಅಂಗಳದಲ್ಲಿ ಬಿಸಿಲಿಗೆ ಇಟ್ಟರು. ಆ ಶೂ ನೋಡಿದ ಮೇಲೆ ನನಗೆ ಹಿಂದೆ ಸರಿಯುವ ಪ್ರಶ್ನೆಯೇ ಇರಲಿಲ್ಲ.

ಆಯ್ಕೆಯ ಕಾರ್ಯ ಸಮರೋಪಾದಿಯಲ್ಲಿ ಶುರುವಾಯಿತು. ನರಿಮೊಗರಿನ ಕಡೆ ಒಬ್ಬರು ಒಳ್ಳೆಯ ಗುಡ್ಡ ಉಂಟು ಎಂದರು. ಹೋಗಿ ನೋಡಿದರೆ ಬುಡದಿಂದ ತುದಿಯವರೆಗೆ ಮೆಟ್ಟಿಲು. ಮೊಣಕಾಲಿನ ವೈರಿಗಳು ಯಾರೋ ಕಟ್ಟಿಸಿದ್ದಿರಬೇಕು. ಹೊಳೆಯ ಬದಿ ನೋಡಿದೆ. ಹೊಯಿಗೆಯಲ್ಲಿ ಕಾಲು ಹುಗಿಯುತ್ತದೆ. ಕಾಡಿನೊಳಗಿನ ಒಂದು ದಾರಿ ಬಹಳ ಚೆನ್ನಾಗಿತ್ತು, ಸಮವಾಗಿಯೂ ಇತ್ತು, ಆದರೆ ನಡುವೆ ಆನೆಯ ಲದ್ದಿ ಇತ್ತು. ಅದು ಹಸಿಯಾಗಿತ್ತು.

ಹೀಗಿರುವಾಗ ಪೆರಾಬೆಯ ಕುರಿಯನ್ ಚೇಟ ಓದುವ ಕನ್ನಡಕಕ್ಕೆಂದು ಅಂಗಡಿಗೆ ಬಂದರು. ಕಡಬದ ಆ ಕಡೆ ಅವರದು ರಬ್ಬರ್ ತೋಟ. (ಮಲಯಾಳದಲ್ಲಿ ಅಣ್ಣನಿಗೆ ಚೇಟ, ಅಕ್ಕನಿಗೆ ಚೇಚಿ.) ಕಷ್ಟ ಹೇಳಿಕೊಂಡೆ.

"ನಮ್ಮ ಗುಡ್ಡಕ್ಕೇ ಬನ್ನಿ ಬೆಳ್ಯಪ್ಪಣ್ಣ. ಹಿಂದಿನ ಮಗ್ಗುಲಲ್ಲಿ ಒಂದು ದೊಡ್ಡ ಪಾದೆಕಲ್ಲು ಉಂಟು. ಅದರ ಮೇಲೆ ಕೂತರೆ ಕುಮಾರಪರ್ವತದವರೆಗೂ ಕಾಣ್ತದೆ. ತೋಟದ ಮಾರ್ಗ ಅಲ್ಲಿಯವರೆಗೂ ಉಂಟು," ಎಂದರು ಚೇಟ.

ಮರುದಿನವೇ ಸರ್ವೇಕ್ಷಣೆಗೆ ಹೊರಟೆ. ದಾರಿಯನ್ನು ಆದಿಯಿಂದ ಅಂತ್ಯದವರೆಗೆ ಸ್ವತಃ ಪರೀಕ್ಷಿಸಿದೆ. ಅಗಲವಾದ ಮಣ್ಣಿನ ಮಾರ್ಗ, ಎರಡೂ ಬದಿ ನೆರಳು, ಕೊನೆಯಲ್ಲಿ ಭವ್ಯವಾದ ಬಂಡೆ, ಅದರಾಚೆ ಒಂದು ಚರ್ಚ್. ಏರು ಎನ್ನುವುದು ಹೆಸರಿಗೂ ಇಲ್ಲ. ಸ್ವಲ್ಪವೂ ದಣಿವಾಗಲಿಲ್ಲ. (ಸ್ಕೂಟರಿನಲ್ಲಿ ಹೋಗಿದ್ದೆ. ಅದನ್ನು ಮನೆಯಲ್ಲಿ ಹೇಳುವ ಅಗತ್ಯ ಕಾಣಲಿಲ್ಲ. ದಾರಿ ದಾರಿಯೇ ತಾನೆ?)

"ಏರು ಉಂಟಾ?" ಎಂದು ಕೇಳಿದಳು ಭವಿತಾ.

"ಇಲ್ಲ."

"ಒಂಚೂರೂ ಇಲ್ವಾ?"

"ಇದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ? ನಾನು ಹೋಗಿ ಬಂದವ."

ಅತ್ತೆಗೆಂದು ಪುತ್ತೂರಿನಿಂದ ಒಂದು ಊರುಗೋಲು ತಂದೆ, ಉದ್ದ ಗಿಡ್ಡ ಮಾಡಬಹುದಾದದ್ದು. ನನಗೊಂದು ಟೊಪ್ಪಿ, ಕೊರಳಿಗೊಂದು ಸೀಟಿ. ನಾಯಕ ಎಂದ ಮೇಲೆ ಗುರುತು ಬೇಡವೇ?

ಆ ದಿನ ಬಂತು. ಜೀಪಿನಲ್ಲಿ ಅತ್ತೆ, ಅತ್ತೆಯ ಅಣ್ಣ ಡೊಂಬಯ್ಯ ಮಾವ, ರೂಪೇಶ, ಅವನ ಹೆಂಡತಿ ಮತ್ತು ಪುಟ್ಟ ಮಗಳು, ಭವಿತಾ, ಮತ್ತು ಟೊಪ್ಪಿ ಹಾಕಿದ ನಾನು. ಡೊಂಬಯ್ಯ ಮಾವನಿಗೆ ಕಣ್ಣು ಪೂರ್ತಿ ಮಂಜು. (ನಾನು ಕೊಟ್ಟ ಕನ್ನಡಕದ ದೋಷ ಅಲ್ಲ, ಅದಕ್ಕೆ ಮೊದಲೇ ಆದದ್ದು.) ಯಾರದಾದರೂ ಭುಜದ ಮೇಲೆ ಕೈ ಇಟ್ಟರೆ ಅವರು ಎಲ್ಲಿಗೂ ನಡೆಯುತ್ತಾರೆ.

ಕುರಿಯನ್ ಚೇಟನ ಹೆಂಡತಿ ಏಲಿಕುಟ್ಟಿ ಚೇಚಿ ಬೇಯಿಸಿದ ಮರಗೆಣಸು, ಗಾಂಧಾರಿ ಮೆಣಸಿನ ಚಟ್ನಿ, ಕಪ್ಪು ಕಾಫಿ ಮಾಡಿ ಕಾಯುತ್ತಿದ್ದರು. ಮರ್ಯಾದೆಗೆಂದು ಎಲ್ಲರೂ ಸ್ವಲ್ಪ ಸ್ವಲ್ಪ ತಿಂದರು. ನಾಯಕನ ಮರ್ಯಾದೆ ದೊಡ್ಡದಾದ್ದರಿಂದ ನಾನು ಮೂರು ಸಲ ಹಾಕಿಸಿಕೊಂಡೆ. ಆಮೇಲೆ ಸೀಟಿ ಊದಿದೆ.

ಮೊದಲ ತಿರುವು ದಾಟಿದ್ದೇ ತಡ, ಯಾರೋ ರಾತ್ರೋರಾತ್ರಿ ಆ ಗುಡ್ಡವನ್ನು ಎತ್ತಿ ನಿಲ್ಲಿಸಿದ ಹಾಗಿತ್ತು. ನಾನು ಸರ್ವೇ ಮಾಡಿದ ಮಾರ್ಗ ಇದೇ, ಅದೇ ಕೆಂಪು ಮಣ್ಣು, ಅದೇ ನೆರಳು. ಆದರೆ ಈಗ ಅದು ನೇರ ಆಕಾಶಕ್ಕೆ ಹೊರಟಿತ್ತು.

ಅತ್ತೆ ಊರುಗೋಲು ಊರಿ ನಿಂತು ಮೇಲೆ ನೋಡಿದರು. "ಅಳಿಯಂದಿರೇ, ಇದು ಏರಲ್ವಾ?"

"ಅಲ್ಲ ಅತ್ತೆ. ನೋಡುವಾಗ ಹಾಗೆ ಕಾಣುದು ಅಷ್ಟೇ," ಎಂದೆ. ಇಷ್ಟು ಹೇಳುವುದರೊಳಗೆ ನನಗೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಯಿತು.

ನಾಯಕ ಏದುಸಿರು ಬಿಡುವುದು ಸರಿಯಲ್ಲ. ಅದಕ್ಕೆ ನಾನು ಪ್ರಕೃತಿ ಪಾಠಕ್ಕೆ ಕೈ ಹಾಕಿದೆ. ಅಲ್ಲಲ್ಲಿ ನಿಂತು, ಒಂದು ಮರಕ್ಕೆ ಒರಗಿ, "ಈ ಮರವನ್ನು ಎಲ್ಲರೂ ಗಮನಿಸಿ. ತೊಗಟೆ ನೋಡಿ. ಎಲೆ ನೋಡಿ. ಅವಸರ ಮಾಡಬೇಡಿ," ಎಂದೆ. ಸ್ವಲ್ಪ ಮೇಲೆ ಹೋಗಿ ಇನ್ನೊಂದು ಮರಕ್ಕೆ ಒರಗಿದೆ.

"ಬಾವ, ಇದೂ ರಬ್ಬರ್ ಮರವೇ," ಎಂದ ರೂಪೇಶ. "ಅದಕ್ಕಿಂತ ಕೆಳಗಿನದ್ದೂ ರಬ್ಬರೇ. ಮೇಲಿನದ್ದೂ ಅದೇ ಅಂತ ಕಾಣ್ತದೆ."

ಅಷ್ಟರಲ್ಲಿ ಅತ್ತೆ ದಾರಿಬದಿಯ ಕಲ್ಲಿನ ಮೇಲೆ ಕೂತುಬಿಟ್ಟರು. ಬಿಳಿಯ ಶೂಗೆ ಕೆಂಪು ಮಣ್ಣು ಹತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು, "ನೀವೆಲ್ಲ ಹೋಗಿ ಬನ್ನಿ ಮಕ್ಕಳೇ. ನಾನು ಜೀಪಿಗೆ ಹೋಗಿ ಕೂತ್ಕೊಳ್ತೇನೆ. ನನಗೆ ಅಭ್ಯಾಸ ಉಂಟು," ಎಂದರು.

ನನಗೆ ಅಳು ಬರುವುದೊಂದು ಬಾಕಿ. ಹೆಸರು ಬದಲಾಯಿಸಿಕೊಳ್ಳುವುದು ಹಾಗಿರಲಿ, ಅಟ್ಟದಿಂದ ಇಳಿದು ಬಂದ ಆ ಶೂಗೆ ನಾನೇನು ಉತ್ತರ ಕೊಡುವುದು? ಆದರೆ ಆತ್ಮವಿಶ್ವಾಸ ಇರುವವನಿಗೆ ಉಪಾಯಕ್ಕೆ ಬರಗಾಲ ಇಲ್ಲ. "ರೂಪೇಶ, ಓಡು! ಚೇಟನ ಜಗಲಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಾ. ಅತ್ತೆಯನ್ನು ಕೂರಿಸಿ ಪಲ್ಲಕ್ಕಿ ಹಾಗೆ ಹೊತ್ತುಕೊಂಡು ಹೋಗುವ!"

"ಬೇಡ ಅಳಿಯಂದಿರೇ, ನೋಡಿದವರು ನಗಾಡ್ತಾರೆ," ಎಂದು ಅತ್ತೆ ಹೇಳಿದರೂ ಕೇಳುವವರು ಯಾರು? ಕುರ್ಚಿ ಬಂತು, ಕೆಂಪು ಬಣ್ಣದ್ದು. ಹಿಂದಿನಿಂದಲೇ ಕುರಿಯನ್ ಚೇಟ, ಏಲಿಕುಟ್ಟಿ ಚೇಚಿಯೂ ಗಾಬರಿಯಿಂದ ಬಂದರು. ನಾನು, "ಮೊದಲು ಅಂದಾಜು ನೋಡುವ. ಹಿಡಿ ರೂಪೇಶ, ಒಂದು, ಎರಡು..." ಎಂದು ಬಗ್ಗಿ ಕುರ್ಚಿ ಎತ್ತಿದೆ.

ಕಳಕ್ ಎಂದಿತು. ಕುರ್ಚಿಯಲ್ಲ, ನನ್ನ ಸೊಂಟ. ಬಗ್ಗಿದವನು ಬಗ್ಗಿಯೇ ನಿಂತೆ. ಸೀಟಿ ಕೊರಳಿನಿಂದ ನೆಲದ ಕಡೆ ನೇತಾಡುತ್ತಿತ್ತು. ಕುರ್ಚಿ ಖಾಲಿ ಇತ್ತು ಎನ್ನುವುದನ್ನು ನಾನು ಹೇಳುತ್ತಿರಲಿಲ್ಲ. ಆದರೆ ಭವಿತಾ ಈಗಾಗಲೇ ಸುಳ್ಯ ಪೇಟೆಗೆಲ್ಲ ಹೇಳಿದ್ದಾಳೆ.

"ಅಯ್ಯೋ ಕರ್ತಾವೇ!" ಎಂದರು ಏಲಿಕುಟ್ಟಿ ಚೇಚಿ. "ನೀವು ಈ ಮಾರ್ಗದಲ್ಲಿ ಎಂತಕ್ಕೆ ಬಂದದ್ದು? ಇದು ಗುಡ್ಡದ ತುದಿಗೆ ಹತ್ತಿ ಆಚೆ ಇಳಿಯುದು, ರಬ್ಬರ್ ಹಾಲಿನ ಪಿಕಪ್ ಹೋಗುದು. ಮನುಷ್ಯರು ಇದರಲ್ಲಿ ಹತ್ತುದಿಲ್ಲ."

"ನಮ್ಮವರು ಮೊನ್ನೆ ಹತ್ತಿದ್ದಾರಂತೆ, ಒಂಚೂರೂ ಏರು ಗೊತ್ತಾಗ್ಲಿಲ್ಲಂತೆ," ಎಂದಳು ಭವಿತಾ.

"ಸ್ಕೂಟರಲ್ಲಿ ಬಂದವರಿಗೆ ಏರು ಹೇಗೆ ಗೊತ್ತಾಗುದು?" ಎಂದರು ಕುರಿಯನ್ ಚೇಟ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಎಲ್ಲರೂ ನನ್ನನ್ನೇ ನೋಡಿದರು. ನಾನು ಬಗ್ಗಿಯೇ ಇದ್ದುದರಿಂದ ಯಾರ ಮುಖವೂ ಕಾಣಲಿಲ್ಲ, ಕಾಲುಗಳು ಮಾತ್ರ ಕಂಡವು. ಭವಿತಾಳ ಕಾಲು ನೋಡಿಯೇ ಅವಳ ಮುಖ ಹೇಗಿದೆ ಎಂದು ಗೊತ್ತಾಯಿತು.

ಆಗ ಅತ್ತೆಯ ಬಿಳಿ ಶೂ ಎದ್ದು ನಿಂತಿತು. "ಅಲ್ಲ ಏಲಿಕುಟ್ಟಿ, ನಿಮ್ಮ ಚರ್ಚ್ ಗುಡ್ಡದ ಆ ಬದಿಯಲ್ಲಿ ಅಲ್ವಾ? ನಿಮಗೂ ಮೊಣಕಾಲು ನೋವು ಅಂತ ಆಗ ಕಾಫಿ ಕೊಡುವಾಗ ಹೇಳಿದ್ರಿ. ಭಾನುವಾರ ನೀವು ಯಾವ ದಾರಿಯಲ್ಲಿ ಹೋಗುದು?"

"ಓ ಅದಾ? ರಬ್ಬರಿನ ತಟ್ಟಿನಲ್ಲೇ!" ಎಂದರು ಚೇಚಿ. ರಬ್ಬರ್ ನೆಡುವಾಗ ಗುಡ್ಡದ ಸುತ್ತ ಬಳೆಯ ಹಾಗೆ ಸಮತಟ್ಟಾಗಿ ಮಣ್ಣು ಕಡಿಯುತ್ತಾರಲ್ಲ, ಅದೇ. "ಮನೆಯ ಹಿಂದಿನಿಂದ ಹಿಡಿದರೆ ಸಮವಾಗಿ ಸುತ್ತು ಬಳಸಿ ಪಾದೆಕಲ್ಲಿನ ಹತ್ತಿರವೇ ಹೋಗ್ತದೆ. ನಮ್ಮ ಅಮ್ಮಚ್ಚಿಗಳೆಲ್ಲ ಜಪಮಾಲೆ ಹಿಡಿದು ಕೊಂತ ಜಪ ಮಾಡ್ತಾ ಅದರಲ್ಲೇ ಹೋಗುದು. ಬನ್ನಿ ಅಮ್ಮಾ, ನಾನು ಕರ್ಕೊಂಡು ಹೋಗ್ತೇನೆ."

ಆ ಬದಿಯಲ್ಲಿ ಚರ್ಚ್ ಇದೆ ಎಂದು ನನಗೂ ಗೊತ್ತಿತ್ತು. ಅಜ್ಜಿಯಂದಿರು ಅಲ್ಲಿಗೆ ಹಾರಿಕೊಂಡು ಹೋಗುವುದಿಲ್ಲ ಎಂದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಿರಲಿಲ್ಲ, ಅಷ್ಟೇ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಪಲ್ಲಕ್ಕಿ ಉತ್ಸವ ನಡೆಯಿತು. ಕೆಂಪು ಕುರ್ಚಿಯಲ್ಲಿ ನನ್ನನ್ನು ಕೂರಿಸಿ ರೂಪೇಶ, ಕುರಿಯನ್ ಚೇಟ ಇಬ್ಬರೂ ಹೊತ್ತು ಕೆಳಗೆ ಇಳಿಸಿದರು. ಪುಟ್ಟ ಮಗು ನನ್ನ ಸೀಟಿ ಕಿತ್ತುಕೊಂಡು ಮುಂದಿನಿಂದ ಊದುತ್ತಾ ಹೋಯಿತು. ಜೀಪಿನ ಸೀಟಿಗೆ ನನ್ನನ್ನು ಒರಗಿಸಿ, ಸೊಂಟಕ್ಕೆ ಏಲಿಕುಟ್ಟಿ ಚೇಚಿಯ ಯಾವುದೋ ಎಣ್ಣೆ ತಿಕ್ಕಿದರು.

"ನಾನು ಇವರೊಟ್ಟಿಗೆ ಇರ್ತೇನೆ," ಎಂದಳು ಭವಿತಾ. ಎಷ್ಟಾದರೂ ಹೆಂಡತಿ. ನನಗೆ ಕಣ್ಣು ತುಂಬಿ ಬಂತು.

"ಎಂತಕ್ಕೆ ಇಬ್ಬರು? ಬ್ಯಾಗ್ ಕಾಯ್ಲಿಕ್ಕೆ ಒಬ್ಬರು ಸಾಕು," ಎಂದರು ಅತ್ತೆ. ಅವರ ಬ್ಯಾಗು ನನ್ನ ಮಡಿಲಿಗೆ ಬಂತು, ಅದರ ಮೇಲೆ ಊರುಗೋಲು ಬಂತು. "ನನಗೆ ಇದು ಬೇಡ, ಅಲ್ಲಿ ಸಮ ಉಂಟಂತೆ. ನಿಮಗೆ ಬೇಕಾದೀತು. ಆರಾಮಲ್ಲಿ ಕೂತುಕೊಳ್ಳಿ ಅಳಿಯಂದಿರೇ. ನಾವು ಬಂದು ಫೋಟೋ ತೋರಿಸ್ತೇವೆ."

ಡೊಂಬಯ್ಯ ಮಾವ ತಂಗಿಯ ಭುಜದ ಮೇಲೆ ಕೈ ಇಟ್ಟರು. ಸಾಲು ಹೊರಟೇ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಗುಡ್ಡದ ಆಚೆಯಿಂದ ನಗು ಕೇಳಿತು. ಮೊದಲು ಮಗುವಿನ ಸೀಟಿ, ಅದರ ಹಿಂದೆ ಅತ್ತೆಯ ನಗು. ಅವರು ಅಷ್ಟು ದೊಡ್ಡದಾಗಿ ನಗುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಸೊಂಟ ನೋಯುತ್ತಿದ್ದರೂ ಮನಸ್ಸಿಗೆ ಬಹಳ ಖುಷಿಯಾಯಿತು. ಗುಡ್ಡ ಆರಿಸಿದ್ದು ನಾನೇ ಅಲ್ಲವೇ? ದಾರಿಯಲ್ಲಿ ಚಿಕ್ಕದೊಂದು ವ್ಯತ್ಯಾಸ, ಅಷ್ಟೇ.

ವಾಪಸ್ ಬಂದ ಮೇಲೆ ಫೋಟೋ ತೋರಿಸಿದರು. ಬಂಡೆಯ ಮೇಲೆ ಕಾಲು ಚಾಚಿ ಕೂತ ಅತ್ತೆ, ಮುಂದೆ ಎರಡು ಕೆಂಪಾದ ಶೂ, ದೂರದಲ್ಲಿ ನೀಲಿ ಬೆಟ್ಟ. ಈ ಸಲ ರೂಪೇಶ ಫೋಟೋದಲ್ಲಿ ಇರಲಿಲ್ಲ.

"ಬೇಜಾರಾಯ್ತಾ ಅಳಿಯಂದಿರೇ, ಒಬ್ಬರೇ ಕೂತು?" ಎಂದು ಕೇಳಿದರು ಅತ್ತೆ.

"ಎಂತ ಬೇಜಾರು ಅತ್ತೆ? ನಗಾಡುದು ಕೇಳ್ತಿತ್ತು," ಎಂದೆ.

ಮುಂದಿನ ವರ್ಷವೂ ದಾರಿ ಆರಿಸುವವನು ನಾನೇ ಎಂದು ಜೀಪಿನಲ್ಲೇ ಸರ್ವಾನುಮತದಿಂದ ತೀರ್ಮಾನವಾಯಿತು. ನನ್ನ ಸಾಮರ್ಥ್ಯದ ಬಗ್ಗೆ ಕೊನೆಗೂ ಎಲ್ಲರಿಗೂ ಮನವರಿಕೆಯಾಗಿದೆ. ಅತ್ತೆಯೇ ಹೇಳಿದರು, "ಅಳಿಯಂದಿರಿಗೆ ನಡೆಯಲಿಕ್ಕೆ ಆಗುವ ದಾರಿ ಅಂತಾದ್ರೆ ಮತ್ತೆ ನಮಗೆ ಯಾರಿಗೂ ಭಯ ಇಲ್ಲ." ಹಾಕಿದ ಷರತ್ತು ಒಂದೇ: ಮೊದಲು ನಾನು ನಡೆದು ನೋಡಬೇಕು. ಅದಕ್ಕಾಗಿ ನನ್ನ ಸ್ಕೂಟರಿನ ಕೀ ಈಗ ಅತ್ತೆಯ ಬ್ಯಾಗಿನಲ್ಲಿದೆ. ಹೇಗಾದರೂ ಮಾಡಿ ಅದನ್ನು ತೆಗೆಯೋಣ ಎಂದು ಎರಡು ಮೂರು ಸಲ ಪ್ರಯತ್ನಿಸಿದೆ, ಆಗಲಿಲ್ಲ. ಬ್ಯಾಗು ಕಾಯುವುದರಲ್ಲಿ ಅವರಿಗಿರುವಷ್ಟು ಅನುಭವ ನಮ್ಮಲ್ಲಿ ಯಾರಿಗೂ ಇಲ್ಲ.