ಹುಣಸೆಮರದ ಹತ್ತಿರ ಎಡಕ್ಕೆ

ಹುಟ್ಟಿದ ಊರು ನನಗೆ ಚೆನ್ನಾಗಿ ಗೊತ್ತು ಎಂದು ಹೇಳಿಕೊಳ್ಳುವವರನ್ನು ದಯವಿಟ್ಟು ನಂಬಬೇಡಿ. ಯಲಹಂಕದ ಹಳೇ ಊರಿನಲ್ಲಿ ನಾನು ಹುಟ್ಟಿ ಐವತ್ತೆರಡು ವರ್ಷವಾಯಿತು. ಇಲ್ಲಿ ಕಣ್ಣು ಮುಚ್ಚಿಕೊಂಡು ಓಡಾಡಬಲ್ಲೆ. ಕಣ್ಣು ಬಿಟ್ಟುಕೊಂಡು ಓಡಾಡುವುದೇ ಕಷ್ಟ ಎಂಬುದು ಈಚೆಗೆ ತಿಳಿಯಿತು.

ತಪ್ಪೆಲ್ಲ ನನ್ನ ಬಾಯಿಯದು. ಸೋಲದೇವನಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ನಾನು ಗುಮಾಸ್ತ. ಅಲ್ಲಿಗೆ ಗದಗದ ಕಡೆಯಿಂದ ಹೊಸದಾಗಿ ಬಂದ ಇತಿಹಾಸದ ಮೇಷ್ಟ್ರು ಬಸವರಾಜ್ ಸರ್ ಒಂದು ದಿನ ಊಟದ ಹೊತ್ತಿನಲ್ಲಿ, "ಬೆಂಗಳೂರಾಗ ಬರೇ ಗಾಜಿನ ಕಟ್ಟಡ ಬಿಟ್ರ ನೋಡಾಕ ಏನೂ ಇಲ್ಲ ಬಿಡ್ರಿ" ಎಂದರು. ನನಗೆ ರೇಗಿತು. "ಏನ್ ಸಾರ್ ಹಿಂಗಂತೀರ! ನಮ್ಮ ಯಲಹಂಕಕ್ಕೆ ಬನ್ನಿ. ಕಂಬದ ಮನೆ, ಜಗಲಿ ಮನೆ, ಕೆತ್ತನೆ ಬಾಗಿಲು, ಒಂದ್ ದಿನ ಸಾಲಲ್ಲ" ಎಂದೆ. ಮೊಸರನ್ನ ತಿನ್ನುತ್ತಿದ್ದ ಮೂವರು ಲೆಕ್ಚರರುಗಳು ತಲೆಯೆತ್ತಿ ನನ್ನನ್ನು ಗೌರವದಿಂದ ನೋಡಿದರು. ನನ್ನ ಇಡೀ ಸರ್ವೀಸಿನಲ್ಲಿ ಅವರು ಹಾಗೆ ನೋಡಿದ್ದು ಅದೇ ಮೊದಲು. ಆ ಗೌರವವನ್ನು ಉಳಿಸಿಕೊಳ್ಳಲೇಬೇಕಿತ್ತು. ಸರ್ ಮಾತ್ರ, "ನಾ ಒಬ್ನ ಅಡ್ಡಾಡಾಂವ್ರಿ, ನೀವು ಬರೂದು ಬ್ಯಾಡ. ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ಒಂದು ಹಾಳಿ ಮ್ಯಾಲ ಬರದ್ ಕೊಡ್ರಿ. ಐತ್ವಾರ ಹೋಗಿ ಬರ್ತೀನಿ" ಎಂದುಬಿಟ್ಟರು.

ಬರೆಯಲು ಕುಳಿತೆ. ಅರ್ಧ ಗಂಟೆಯಲ್ಲಿ ಮುಗಿಯಿತು. ಕೆಲಸ ಅಷ್ಟು ಸಲೀಸಾಗಿ ಮುಗಿದರೆ ನನಗೆ ಭಯವಾಗುತ್ತದೆ. ಹೆಂಡತಿ ಗಿರಿಜಾಳಿಗೆ ಓದಿ ಹೇಳಿದೆ: ಹುಣಸೆಮರದ ಹತ್ತಿರ ಎಡಕ್ಕೆ ತಿರುಗಿ, ಜಟಕಾ ಸ್ಟ್ಯಾಂಡ್ ದಾಟಿ, ಎಣ್ಣೆ ಗಾಣದ ಎದುರು ನಿಂತರೆ...

"ಯಾವ್ ಹುಣಸೆಮರ ರೀ?"

"ಅದೇ ಕಣೇ, ಮೆಡಿಕಲ್ ಸ್ಟೋರ್ ಇದ್ಯಲ್ಲ, ಅಲ್ಲಿ."

"ಅಲ್ಲಿ ಮೆಡಿಕಲ್ ಸ್ಟೋರ್ ಇದೆ. ಮರ ಎಲ್ಲಿದೆ?"

ಮರವಿಲ್ಲ. ಜಟಕಾ ಇಲ್ಲ. ಗಾಣವೂ ಇಲ್ಲ. ನಮ್ಮೂರಿನವರು ದಾರಿ ಹೇಳುವುದೇ ಹೀಗೆ. ಇರುವುದನ್ನು ನೆಚ್ಚಿಕೊಂಡರೆ ನಾಳೆ ಯಾರಾದರೂ ಕೆಡವುತ್ತಾರೆ. ಹೋದದ್ದಾದರೆ ಹೋಗಿಯಾಗಿದೆ, ಇನ್ನೆಲ್ಲಿಗೂ ಹೋಗುವುದಿಲ್ಲ. ಲಗ್ನಪತ್ರಿಕೆಯಲ್ಲೂ 'ಹಳೇ ಗಾಣದ ಎದುರು' ಎಂದೇ ಅಚ್ಚು ಹಾಕಿಸುತ್ತೇವೆ. ಬರುವವರು ಸರಿಯಾಗಿ ಬಂದು ಊಟ ಮಾಡಿ ಹೋಗುತ್ತಾರೆ.

ಶನಿವಾರ ಹಾಳೆ ಹಿಡಿದು ನಾನೇ ಹೊರಟೆ. ಅಲ್ಲಿಂದ ತಲೆ ಕೆಟ್ಟುಹೋಯಿತು. ಕೆತ್ತನೆ ಬಾಗಿಲಿನ ಒಂದು ಮನೆ ಕಂಡು ಖುಷಿಯಿಂದ ಗುರುತು ಹಾಕಿಕೊಳ್ಳುತ್ತಿದ್ದರೆ ಅದರ ಯಜಮಾನ ಹೊರಗೆ ಬಂದು, "ಹಳೇದಲ್ಲ ಗುರು, ಹೋದ್ ವರ್ಷ ಕಟ್ಸಿದ್ದು. ಹಳೇ ತರ ಕಾಣ್ಲಿ ಅಂತ ಮಾಡ್ಸಿದೀನಿ" ಎಂದ. ನಿಜವಾಗಿ ಹಳೆಯದಾದ ಪಕ್ಕದ ಮನೆಗೆ ಹೊಸದಾಗಿ ಕಾಣಲೆಂದು ಗುಲಾಬಿ ಬಣ್ಣದ ಟೈಲ್ಸ್ ಅಂಟಿಸಿದ್ದರು. ಎದುರಿಗೆ ಸಿಕ್ಕ ಚಿಕ್ಕಪ್ಪನನ್ನು ಅದರ ವಯಸ್ಸು ಕೇಳಿದೆ. "ಅದೆಲ್ಲಿ ಹಳೇದೋ? ಮೊನ್ನೆ ಕಟ್ಟಿದ್ದು" ಎಂದರು. ವಿಚಾರಿಸಿದರೆ ಮೊನ್ನೆ ಎಂದರೆ ಅವರ ಮದುವೆಯ ವರ್ಷ. ಅವರಿಗೆ ಈಗ ಮರಿಮಗ ಇದ್ದಾನೆ. ಯಾವುದು ಹಳೆಯದು, ಯಾವುದು ಹೊಸದು, ನಾನು ಯಾವ ಕಾಲದವನು ಎಂಬುದೇ ತಿಳಿಯದೆ ಮನೆಗೆ ಬಂದು ಹಾಳೆಯಲ್ಲಿ ಬರೆದದ್ದನ್ನು ಒಂದೊಂದಾಗಿ ಹೊಡೆದುಹಾಕುತ್ತಾ ಹೋದೆ. ಒಂದು ಗುಡಿ, ಎರಡು ಜಗಲಿ, ಅರ್ಧ ಗೋಡೆ ಉಳಿದವು. ಹಾಳೆ ಬೋಳಾಗಿ ಕಂಡಿದ್ದರಿಂದ ಕೊನೆಯಲ್ಲಿ 'ಹೆಚ್ಚಿನ ವಿವರಕ್ಕೆ ಊರಿನ ಹಿರಿಯರನ್ನು ಕೇಳಿ' ಎಂದು ಸೇರಿಸಿ ಸರ್ ಕೈಗೆ ತಲುಪಿಸಿದೆ.

ಭಾನುವಾರ ಹೊರಗೆ ತಲೆ ಹಾಕಲಿಲ್ಲ. ಸೋಮವಾರ ಆ ಮೂವರು ಲೆಕ್ಚರರುಗಳ ಮುಖ ಹೇಗೆ ನೋಡುವುದೆಂದು ಯೋಚಿಸುತ್ತಾ ಕೂತಿದ್ದೆ. ಹನ್ನೆರಡಕ್ಕೆ ಬೆಲ್ ಆಯಿತು. ತೆಗೆದರೆ ಬಸವರಾಜ್ ಸರ್! ಬೆವರು ಒರೆಸಿಕೊಳ್ಳುತ್ತಿದ್ದವರು ನನ್ನನ್ನು ಕಂಡು ತಬ್ಬಿಬ್ಬಾದರು.

"ಇದು ನಿಮ್ಮನಿ ಏನ್ರೀ? ಊರಾಗ ಭಾಳ ಚಂದದ ಹಳೀ ಮನಿ ಯಾವುದು ಅಂತ ಐದು ಮಂದಿ ಹಿರೇರಿಗೆ ಕೇಳಿದ್ನಿ. ಐದೂ ಮಂದಿ ಇಲ್ಲೇ ಕಳಿಸ್ಯಾರ. ಹದಿನಾರು ಕಂಬದ ತೊಟ್ಟಿ ಮನಿ ಅಂತಲ್ರೀ?"

ನಾನು ನಮ್ಮ ಮೂರಂತಸ್ತಿನ ಮನೆಯ ಗ್ರಾನೈಟ್ ಮೆಟ್ಟಿಲು ನೋಡುತ್ತಾ, "ಇತ್ತು ಸಾರ್" ಎಂದೆ.

"ಅಂಥಾದ್ದನ್ನ ಕೆಡವಿದವ್ರು ಯಾರ್ರೀ?"

"ಬಿಸಿಲಲ್ಲಿ ಬಂದಿದೀರ, ಒಳಗ್ ಬನ್ನಿ ಸಾರ್, ಕಾಫಿ ಕುಡಿಯೋಣ" ಎಂದೆ.

"ಇವ್ರೇ ಸಾರ್" ಎಂದಳು ಗಿರಿಜಾ ಒಳಗಿನಿಂದ. "ಕಾರ್ ನಿಲ್ಸೋಕೆ ಜಾಗ ಬೇಕು ಅಂತ."

ಕಾರನ್ನು ನಾನು ಇನ್ನೂ ಕೊಂಡಿಲ್ಲ.