ಕಾಫಿಯ ಪಕ್ಕದ ಮನೆ

ನಮ್ಮ ಸೋದರತ್ತೆಗೆ ಕಾಫಿ ಎಂದರೆ ಪ್ರಾಣ. ಆದರೆ ಅದರ ಹೆಸರು ಹೇಳಿದರೆ ಪ್ರಾಣವೇ ಹೋದೀತೆಂಬ ಭಯ. ಹೀಗಾಗಿ ಕುಕನೂರಿನ ಅವಳ ಮನೆಯಲ್ಲಿ ಅದಕ್ಕೆ 'ಕರೀ ಚಾ' ಎಂದು ನಾಮಕರಣವಾಗಿದೆ. ಹಾಲು ಹಾಕಿದರೂ ಕರೀ ಚಾ! ಯಾಕೆ ಅಂತೀರಾ? ಇಂಗ್ಲಿಷ್ ಡಿಕ್ಷನರಿಯಲ್ಲಿ ಕಾಫಿ ಇರುವ ಓಣಿಯಲ್ಲೇ, ನಾಲ್ಕು ಮನೆ ದಾಟಿದರೆ, ಕಾಫಿನ್ ಇದೆ. ಹೆಣದ ಪೆಟ್ಟಿಗೆ.

"ಮೊದಲಿನ ಮೂರು ಅಕ್ಷರ ಕೂಡಿದ್ವು ಅಂದ್ರ ಒಂದ ಮನೆತನ ಅಂತ ತಿಳಕೊ. ಒಬ್ಬನ್ನ ಕರದ್ರ ಎಲ್ಲಾರೂ ಹೊಳ್ಳಿ ನೋಡ್ತಾರ" ಎಂಬುದು ಅವಳ ಸಿದ್ಧಾಂತ. ಕತ್ತಲಾದ ಮೇಲೆ ನಾವು ಹಾವೆನ್ನದೆ ಹುಳ ಎನ್ನುವುದಿಲ್ಲವೇ? ಅದೇ ಕಾಯಿದೆಯನ್ನು ಅವಳು ಇಂಗ್ಲಿಷಿಗೂ ಹಚ್ಚಿದ್ದಾಳೆ.

ಅವಳು ಅಂಗನವಾಡಿ ನಡೆಸುತ್ತಿದ್ದಾಗ ಸೂಪರ್‌ವೈಸರ್ ಬಂದು ಗುಡ್ ಮಾರ್ನಿಂಗ್ ಎಂದರಂತೆ. "ಬರೇ ಗುಡ್ ಅನ್ರಿ ಮೇಡಮ್, ಸಾಕು. ಮುಂದಿಂದು ಮಾರ್ಚುರಿ ಬಾಗಿಲು, ಹೆಣಾ ಇಡೂ ಮನೀದು." ಆಮೇಲಿನ ತಪಾಸಣೆಗಳೆಲ್ಲ ಮಧ್ಯಾಹ್ನಕ್ಕೇ ಆದವು.

ಈ ಭಯ ಹುಟ್ಟಿದ್ದು ಮಾವ ತೀರಿಕೊಂಡಾಗ. ಟಿವಿಯಲ್ಲಿ ಕ್ರಿಕೆಟ್ ನಡೆದಿತ್ತು. ಅಂಪೈರ್ ಎರಡೂ ಕೈ ಚಾಚಿ ವೈಡ್ ಎಂದ. ಗೋಡೆಗೆ ಒರಗಿ ನೋಡುತ್ತಿದ್ದ ಮಾವ ಒರಗಿಯೇ ಉಳಿದ. ದಿನಕರ್ಮಗಳು ಮುಗಿದ ಮೇಲೆ ಅತ್ತೆ ನನ್ನ ಹಳೆಯ ಡಿಕ್ಷನರಿಯಲ್ಲಿ ವೈಡ್ ಹುಡುಕಿ, "ಇದರ ಕೆಳಗ ಯಾರು ನಿಂತಾರ, ನೋಡು" ಎಂದಳು. ನೋಡಿದೆ. ವಿಡೋ. ವಿಧವೆ. ಬೇಸಿಗೆಯ ಆ ಹೊತ್ತಿನಲ್ಲೂ ಪುಟ ಬೆರಳಿಗೆ ತಣ್ಣಗೆ ಹತ್ತಿತು.

ಮೊಬೈಲ್ ಕೊಡಿಸಿ ನಾನೇ ಕೆಟ್ಟೆ. ಕುಷ್ಟಗಿಯ ದ್ರಾಕ್ಷಿಯವನಿಗೆ ಸಂದೇಶ ಕಳಿಸಲು ಅವಳು ಜಿ, ಆರ್, ಎ ಎಂದು ಒತ್ತಿದಳು. ಅವಳು ಮುಂದೆ ಬರೆಯುವ ಮೊದಲೇ ಮೂರು ಪದಗಳು ತಾವಾಗಿ ಎದ್ದು ನಿಂತವು: ಗ್ರೇಪ್ಸ್, ಗ್ರ್ಯಾಂಡ್, ಗ್ರೇವ್. ಗ್ರೇವ್ ಎಂದರೆ ಗೋರಿ. "ಕರದದ್ದು ಒಬ್ಬನ್ನ. ಬಾಗಲಿಗೆ ಬಂದವರು ಮೂರು ಮಂದಿ. ನಡುವಿನಾಂವ ಬಿಡು ಪಾಪ, ಆ ಕಡೀ ಮನಷ್ಯಾನ್ನ ನೋಡು" ಎಂದು ಫೋನನ್ನು ಬೋರಲು ಹಾಕಿ ಮೇಲೊಂದು ಹಿತ್ತಾಳೆ ಚರಿಗೆ ಮುಚ್ಚಿದಳು. ಚರಿಗೆಯೊಳಗೆ ಅದು ಬಹಳ ಹೊತ್ತು ಗುಂಯ್‌ಗುಟ್ಟಿತು.

ಇದನ್ನೆಲ್ಲ ನಂಬದವಳು ನಮ್ಮವ್ವ ಒಬ್ಬಳೇ. ಅತ್ತೆ ಕೊಪ್ಪಳದ ನಮ್ಮ ಮನೆಗೆ ಬಂದಾಗಲೆಲ್ಲ ಬೇಕೆಂದೇ ಕೂಗುವಳು: "ಏ, ಕಾಫಿ ಕುಡೀತಿಯೇನ?"

"ವೈನಿ, ಬಾಯಿ ತೊಳಕೋ ಹೋಗು."

"ಆತು, ನಿನ್ನ ಕಾಫಿನ್‌ಗೆ ಸಕ್ಕರಿ ಎಷ್ಟು ಹಾಕ್ಲಿ?"

ಈ ವರ್ಷ ಅವ್ವನ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಡಾಕ್ಟರು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಹೌದೋ ಅಲ್ಲವೋ, ಶನಿವಾರ ಮಧ್ಯಾಹ್ನ ಫೋನಿಗೇ ಬರುತ್ತದೆ ಎಂದರು. ಅಂದು ಅತ್ತೆ ಮೊದಲ ಬಸ್ಸಿಗೇ ಬಂದಿಳಿದಳು. ಅವ್ವ ಕಾಫಿಯ ಹೆಸರೆತ್ತದೆ ಲೋಟ ಮುಂದಿಟ್ಟಳು.

ಹನ್ನೆರಡರ ಹೊತ್ತಿಗೆ ಅತ್ತೆ ಕಾಣಲಿಲ್ಲ. ಮಾಳಿಗೆಯಿಂದ ದನಿ ಬರುತ್ತಿತ್ತು. ಹತ್ತಿ ನೋಡಿದರೆ, ಸುಡುವ ಬಿಸಿಲಲ್ಲಿ ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು, ಮಕ್ಕಳಿಗೆ ಹೇಳಿಕೊಡುವ ರಾಗದಲ್ಲಿ ಕೂಗುತ್ತಿದ್ದಾಳೆ: "ಕಾಫಿನ್... ಗ್ರೇವ್... ಮಾರ್ಚುರಿ..." ಒಂದೊಂದಾದ ಮೇಲೂ ತನ್ನ ಹೆಸರು, ಊರು ಹೇಳಿ, ತುಸು ತಡೆದು ಕಿವಿಗೊಡುತ್ತಾಳೆ. ಓಣಿಯ ನಾಯಿಗಳೂ ಸದ್ದು ಮಾಡಲಿಲ್ಲ.

"ಅತ್ತೀ, ಏನ್ ಮಾಡಾಕತ್ತಿ?"

"ಸುಮ್ನಿರು. ಕರದವರ ಕಡೀನ ಬರತಾವ ಅವು. ನನ್ನ ಕಡಿ ಬರಲಿ. ಕೆಳಗ ಇರಾಕಿ ಕಡಿ ಹೋಗೂದು ಬ್ಯಾಡ."

ತಿರುಗಿದರೆ ಮೆಟ್ಟಿಲ ಮೇಲೆ ಅವ್ವ ನಿಂತಿದ್ದಳು. ಎಲ್ಲ ಕೇಳಿಸಿತ್ತು.

ಕ್ಯಾನ್ಸರ್ ಅಲ್ಲವೆಂದು ಒಂದು ಗಂಟೆಗೆ ವರದಿ ಬಂತು. ಅವ್ವ ನಗಲಿಲ್ಲ. ಅತ್ತೆಯ ಚೀಲ ಎಲ್ಲೋ ಬಚ್ಚಿಟ್ಟಳು. ತಿಂಗಳಾಯಿತು, ಕುಕನೂರಿಗೆ ಹೋಗಗೊಟ್ಟಿಲ್ಲ. ಅತ್ತೆ ಕೆಮ್ಮಿದರೆ ಒಲೆ ಆರಿಸಿ ಓಡಿಬರುತ್ತಾಳೆ.

ನಿನ್ನೆ ಸಂಜೆ ಯಾರೋ ಬಾಗಿಲು ಬಡಿದಂತಾಯಿತು. ತೆರೆಯಲು ಹೊರಟ ನನ್ನ ತೋಳು ಹಿಡಿದು ಅವ್ವ ಪಿಸುಗುಟ್ಟಿದಳು:

"ಯಾರರ ಬಂದು ನನ್ನ ನಾದಿನಿ ಹೆಸರು ಕೇಳಿದ್ರ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತ ಹೇಳು."