ಕಾರು ಕುಣಿಯೂದು ನಿಲ್ಲೂತನಾ

ನಮ್ಮ ಯಜಮಾನರು ಕಾರಿನ ಕೆಳಗೆ ತೂರಿದಾಗೆಲ್ಲ ಮೇಲಿದ್ದವರಿಗೆ ನಗುವ ಕೆಲಸ ಸಿಗುತ್ತದೆ. ನಾನು ಬಾಣಂತನಕ್ಕೆಂದು ಮಾನ್ವಿಯ ತವರುಮನೆಯಲ್ಲಿದ್ದಾಗಲೂ ಅದು ತಪ್ಪಲಿಲ್ಲ.

೧. ಕಪ್ಪಿ

ಕೂಸಿಗೆ ಐದು ತಿಂಗಳು ತುಂಬಿತು. ನಮ್ಮನ್ನು ರಾಯಚೂರಿಗೆ ಕರೆದೊಯ್ಯಲು ಯಜಮಾನರು ಬಂದರು. ದೇವದುರ್ಗಕ್ಕೆ ಬಾಡಿಗೆ ಹೊಡೆದು ಹೊಡೆದು ಹಣ್ಣಾದ ಕಾರು ಅವರದು. ಏರಿನಲ್ಲಿ ಜೋರು ಕೊಟ್ಟರೆ ಹಿಂದಿನ ಗಾಲಿಗಳು ದಡದಡ ನೆಗೆಯುತ್ತಿದ್ದವು. ಮೊದಲು ತಾನು ಕೂತು ನೋಡುತ್ತೇನೆಂದು ಅಪ್ಪ ಹಿಂದೆ ಹತ್ತಿದ. ಊರಾಚೆಯ ಹಳ್ಳದ ಏರು ಹತ್ತಿ ಬರುವಷ್ಟರಲ್ಲಿ ತಲೆಯ ರುಮಾಲು ಕೊರಳಿಗೆ ಬಂದಿತ್ತು.

“ಅಳಿಯಂದ್ರ, ಇದು ಕಾರೋ ಕಪ್ಪಿಯೋ? ಕುಣಿಯೂದು ನಿಲ್ಲೂತನಾ ಮೊಮ್ಮಗಳನ್ನ ಕಳಸಾಂಗಿಲ್ಲ!”

ಮಗಳನ್ನು ಕಳಿಸಲು ಅಡ್ಡಿಯೇನೂ ಇರಲಿಲ್ಲವಂತೆ.

೨. ಎಣ್ಣೆಯ ಉಪಚಾರ

ಸ್ಪ್ರಿಂಗ್ ಪಟ್ಟಿಗಳ ತುದಿಗೆ ತೊಡಿಸುವ ರಬ್ಬರ್ ಬಳೆ, ಅಂದರೆ ಬುಷ್, ಸವೆದು ಸಡಿಲಾದದ್ದೇ ಕಾರಣವೆಂದು, ಯಜಮಾನರು ರಾಯಚೂರಿಗೆ ಮರಳಿ ಲಾರಿ ಟೈರು ಕೊಯ್ದು ಗಟ್ಟಿ ಬುಷ್ ಮಾಡಿ ಹಾಕಿಕೊಂಡು ಬಂದರು. ನೆಗೆತ ನಿಂತಿತ್ತು, ಕಿರ್ ಕಿರ್ ಸದ್ದು ಹುಟ್ಟಿತ್ತು. “ಅಮಾಸಿ ಮುಗೀಲಿ” ಎಂದು ಅಪ್ಪ ತಡೆದ. ಅಲ್ಲಿಯವರೆಗೆ ಕಾರು ನಮ್ಮ ಅಂಗಳದಲ್ಲೇ ನಿಂತಿತು. ಅವ್ವನಿಗೆ ಅಳಿಯನ ಮೇಲೆ ಕನಿಕರ. ಕೂಸಿಗೆ ಹಚ್ಚುವ ಎಣ್ಣೆಯನ್ನೇ ದಿನಾ ಆ ಬುಷ್‌ಗಳಿಗೂ ತಿಕ್ಕಿದಳು. ಸದ್ದು ಹೋಯಿತು. ರಬ್ಬರು ಮಾತ್ರ ನೆನೆಸಿದ ಕಡಲೆಯಂತೆ ಉಬ್ಬಿ ಮೆತ್ತಗಾಗಿ, ಹೊರಟ ದಿನ ಓಣಿಯ ತಿರುವಿನಲ್ಲೇ ಕಾರು ಮತ್ತೆ ಕುಣಿಯಿತು.

ಯಜಮಾನರು ಕೆಳಗೆ ಹೊಕ್ಕು ನೋಡಿ, ಮುಖ ಮಾತ್ರ ಹೊರಗೆ ಹಾಕಿದರು.

“ಅತ್ತಿಯಾರ, ಬಿಸಿನೀರು ಹಾಕಿ ಲೋಬಾನ ಹೊಗಿ ಹಾಕಲಿಲ್ಲ, ಅದ ಪುಣ್ಯಾ.”

೩. ಪರೀಕ್ಷೆ

ಈ ಸಲ ಲೇತ್ ಯಂತ್ರದವನ ಹತ್ತಿರ ನೈಲಾನ್ ಬುಷ್ ಕಡೆಸಿ ಹಾಕಿಸಿದರು. ಅಪ್ಪ ನಂಬಲಿಲ್ಲ.

“ನಾನೂ ಬರ್ತೀನಿ. ಒಮ್ಮಿ ಕುಣಿದ್ರ ಸಾಕು, ಕೂಸಿನ್ನ ಎತ್ಕೊಂಡು ವಾಪಸ್ ಬಸ್ ಹತ್ತಾಂವ!”

ಹೋಳಿಗೆ ಊಟ ಮುಗಿಸಿ, ಮುಂದಿನ ಸೀಟಿನ ಬೆನ್ನು ಗಟ್ಟಿಯಾಗಿ ಹಿಡಿದು ನನ್ನ ಪಕ್ಕ ಕೂತ. ಹಳ್ಳದ ಏರು ಬಂತು. ಕಾರು ಸುಮ್ಮನೆ ಹತ್ತಿತು. ಖುಷಿಯಿಂದ ಪಕ್ಕಕ್ಕೆ ನೋಡಿದರೆ ಅಪ್ಪ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ!

ರಾಯಚೂರು ಮುಟ್ಟಿದೆವು. ನನ್ನ ಅತ್ತೆ ದೃಷ್ಟಿ ನಿವಾಳಿಸಲು ನೀರು ತಂದರು. ಕೂಸು ಪಿಳಿಪಿಳಿ ನೋಡುತ್ತಿತ್ತು, ಅಪ್ಪ ಇನ್ನೂ ಮಲಗಿದ್ದ.

“ಕೂಸು ಯಾವುದವ್ವಾ? ಮೊದಲ ಯಾರಿಗೆ ನಿವಾಳಸ್ಲಿ?” ಎಂದು ಅತ್ತೆ ನನ್ನನ್ನು ಕೇಳಿದರು.

ಅಪ್ಪ ದಡಬಡಿಸಿ ಎದ್ದು ಸೀಟು ಹಿಡಿದ. “ಹೂಂ, ಹೊಡೀರಿ ಅಳಿಯಂದ್ರ! ನೋಡೂಣು, ಹೆಂಗ ಕುಣಿತದ!”

“ಮಾವಾರ, ರಾಯಚೂರು ಬಂತ್ರಿ.”

ಅಪ್ಪ ಕಣ್ಣುಜ್ಜಿಕೊಂಡ. “ನಾ ನೋಡಿಲ್ಲಂದ್ರ ಅದು ಲೆಕ್ಕಕ್ಕಿಲ್ಲ. ತಿರುಗಿಸ್ರಿ ಮಾನ್ವಿಗೆ!”

ಅಷ್ಟರಲ್ಲಿ ಕೂಸನ್ನು ಅವುಚಿಕೊಂಡು ನಾನು ಹೊಸ್ತಿಲು ದಾಟಿಯಾಗಿತ್ತು.